ಒಳಗಿಟ್ಟ ಲೋಳೆಸರ

ನಮ್ಮ ಬೀದಿಯಲ್ಲಿ ಬಿಸಿಲು ಜಗಲಿಗೆ ಏರುವ ಹೊತ್ತಿಗೆ ಮಲಗುವ ಕೋಣೆಯ ಗಿಡಗಳನ್ನೆಲ್ಲ ಹೊರಗೆ ತಂದು ಸಾಲಾಗಿ ಇಡುತ್ತಾರೆ. ಎಲೆಗೆ ಬಿಸಿಲು ತಾಗಿ ತುಸು ಬೆಚ್ಚಗಾಯಿತೆಂದರೆ ಅವು ರಾತ್ರಿ ಹಿಡಿದಿಟ್ಟುಕೊಂಡದ್ದನ್ನು ಬಿಡಲು ಶುರುಮಾಡುತ್ತವೆ. ಒಂದು ಮನೆಯ ಮುಂದೆ ಮನಿ ಪ್ಲಾಂಟು ಕೆಮ್ಮುತ್ತದೆ. ಪಕ್ಕದ ಮನೆಯ ಗಿಡ ಹಲ್ಲು ಕಡಿಯುತ್ತದೆ. ಇನ್ನೊಂದು ಕುಂಡದಿಂದ ಯಾವುದೋ ಮಗು ಕನಸಿನಲ್ಲಿ ನಕ್ಕ ನಗು ಬರುತ್ತದೆ. ಹಾಲಿನವನು, ಶಾಲೆಗೆ ಹೊರಟ ಮಕ್ಕಳು, ಕೆಲಸಕ್ಕೆ ಹೋಗುವವರು ಇವುಗಳ ನಡುವೆಯೇ ಓಡಾಡುತ್ತಾರೆ. ಬೇರೆಯವರ ಗಿಡದ ಮುಂದೆ ನಿಲ್ಲಬಾರದು, ಕಿವಿಗೆ ಬಿದ್ದದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎಂದು ನಮ್ಮಲ್ಲಿ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ. ಹೊಸದಾಗಿ ಮದುವೆಯಾದವರ ಮನೆಯ ಮುಂದೆ ಹಾದುಹೋಗುವಾಗ ಹಿರಿಯರು ಗಂಟಲು ಸರಿಮಾಡಿಕೊಂಡು ಹೆಜ್ಜೆ ಜೋರುಮಾಡುತ್ತಾರೆ. ಬಿಸಿಲು ಬಲಿಯುವ ಹೊತ್ತಿಗೆ ಗಿಡಗಳೆಲ್ಲ ಖಾಲಿಯಾಗಿ ಬೀದಿ ಸುಮ್ಮನಾಗುತ್ತದೆ. ಆಮೇಲೆ ಅವನ್ನು ಒಳಗೆ ತೆಗೆದುಕೊಂಡು ಹೋಗಿ ನೀರು ಹಾಕುತ್ತಾರೆ.

ಪರ ಊರಿನಿಂದ ಸೊಸೆಯಾಗಿ ಬಂದವರಿಗೆ ಮೊದಮೊದಲು ಇದು ಕಷ್ಟ. ನಮ್ಮ ಸೊಸೆ ಸುಮಂಗಲೆ ಬಂದ ಹೊಸದರಲ್ಲಿ ಬೆಳಗಿನ ಹೊತ್ತು ಕಿವಿಗೆ ಹತ್ತಿ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತುಬಿಡುತ್ತಿದ್ದಳು. ಈಗ ತನ್ನ ಗಿಡ ಪಕ್ಕದಲ್ಲಿ ಏನೇನೋ ಬಡಬಡಿಸುತ್ತಿದ್ದರೂ ಅದನ್ನು ಕಾಲಿನಿಂದ ಅತ್ತ ಸರಿಸಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಾಳೆ. ಎದುರು ಮನೆಯ ಪುಟ್ಟಗೌರಮ್ಮನಂತೂ ಗಿಡದಿಂದ ಬರುವ ಗಂಡನ ಮಾತಿಗೆ ಎದುರುತ್ತರ ಕೊಡುವುದರಲ್ಲಿ ಹೆಸರಾದವಳು. ಆ ಗಂಡ ನಿದ್ದೆಯಲ್ಲೂ ಇಸ್ಪೀಟು ಆಡುವವನು. "ರಾಣಿ ನನ್ನ ಹತ್ರ ಇದಾಳೆ, ಎಲೆ ಹಾಕ್ರೋ," ಎಂದು ಗಿಡ ಕೂಗಿದರೆ, "ರಾಣಿ ಇಲ್ಲಿ ಮುಸುರೆ ತಿಕ್ತಾ ಇದಾಳೆ, ಬಾಯಿ ಮುಚ್ಚು," ಎಂದು ಇವಳು ಬಾಗಿಲಲ್ಲೇ ಕೂತು ಹೇಳುತ್ತಾಳೆ.

ಮಲಗುವ ಕೋಣೆಗೆ ಗಿಡ ಆರಿಸುವುದು ನಮ್ಮಲ್ಲಿ ಹೆಣ್ಣು ನೋಡುವುದಕ್ಕಿಂತ ಸೂಕ್ಷ್ಮದ ಕೆಲಸ. ಧೂಳಿಗೆ ಸೀನುವವರು ಅಗಲ ಎಲೆಯದನ್ನು ಇಟ್ಟುಕೊಂಡು ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ವಾಸನೆಯ ಹೂ ಬಿಡುವ ಗಿಡ ತಲೆನೋವಿನವರಿಗೆ ಆಗದು. ನೀರು ಹೆಚ್ಚು ಕೇಳುವ ಗಿಡವಿಟ್ಟರೆ ಕೋಣೆ ತೇವ ಹಿಡಿದು ಉಬ್ಬಸದವರಿಗೆ ತೊಂದರೆ. ತುಳಸಿ, ಬಿಲ್ವ ದೇವರಿಗೆ ಸೇರಿದವು, ಅವನ್ನು ಹಾಸಿಗೆಯ ಹತ್ತಿರಕ್ಕೆ ತರುವುದಿಲ್ಲ. ಗಂಡ ಹೆಂಡತಿಗೆ ಒಂದೇ ಗಿಡ. ಜಗಲಿಯ ಮೇಲೆ ಎರಡು ಕುಂಡ ಕಂಡರೆ ಆ ಮನೆಯಲ್ಲಿ ಜಗಳವಾಗಿದೆಯೆಂದು ಬೀದಿಗೆಲ್ಲ ತಿಳಿದಂತೆ.

ನಮ್ಮದು ಲೋಳೆಸರ. ನನ್ನ ಹೆಂಡತಿ ದಾಕ್ಷಾಯಿಣಿ ಮದುವೆಯಾಗಿ ಬಂದ ವರ್ಷ ಅದನ್ನು ನೆಟ್ಟಳು. ನಮ್ಮದು ಪಾತ್ರೆ ಅಂಗಡಿ. ತಳ ಸೋರುತ್ತದೆಂದು ಯಾರೋ ವಾಪಸು ತಂದುಕೊಟ್ಟ ಹಿತ್ತಾಳೆಯ ಕೊಳಗವೊಂದು ಮೂಲೆಯಲ್ಲಿ ಬಿದ್ದಿತ್ತು. "ಸೋರೋದೇ ಗಿಡಕ್ಕೆ ಒಳ್ಳೇದು ಕಣ್ರೀ," ಎಂದು ಅದನ್ನೇ ತೆಗೆದುಕೊಂಡು ಹೋದಳು. ಬುಡದಲ್ಲಿ ಮರಿಗಳು ಎದ್ದಾಗ ಕಿತ್ತು ಬೇಡಿದವರಿಗೆಲ್ಲ ಕೊಟ್ಟಳು. ತಾಯಿಗಿಡ ಮಾತ್ರ ನಮ್ಮ ಮಂಚದ ತಲೆದಿಂಬಿನ ಪಕ್ಕ, ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ದಿನವೂ ಅದನ್ನು ಹೊರಗಿಡುವವಳು ಅವಳು, ಅದರ ಪಕ್ಕ ಕೂತು ಅಕ್ಕಿ ಆರಿಸುವವಳೂ ಅವಳೇ. ಆ ಹೊತ್ತು ನನಗೆ ಶಿವಪೂಜೆಯದು. ನಾನು ಒಳಗೆ ಲಿಂಗ ಹಿಡಿದು ಕೂತು ಕಣ್ಣು ಬಿಡುವಷ್ಟರಲ್ಲಿ ಗಿಡ ಖಾಲಿಯಾಗಿ ಒಳಗೆ ಬಂದಿರುತ್ತಿತ್ತು. ಅದು ಹೊರಗೆ ಏನು ಹೇಳಿತೆಂದು ನಾನು ಕೇಳಿದವನಲ್ಲ, ಅವಳು ಹೇಳಿದವಳಲ್ಲ.

ಕಾರ್ತಿಕದಲ್ಲಿ ದಾಕ್ಷಾಯಿಣಿ ಲಿಂಗೈಕ್ಯಳಾದಳು. ಕಾಯಿಲೆ ಇರಲಿಲ್ಲ. ರಾತ್ರಿ ನನಗಿಂತ ಮೊದಲು ಮಲಗಿದಳು. ಬೆಳಗ್ಗೆ ನಾನು ಎದ್ದು ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ, ನಿದ್ದೆಯಲ್ಲೇ ಆಗಿದೆ, ಅವರಿಗೇ ಗೊತ್ತಾಗಿರಲಿಕ್ಕಿಲ್ಲ ಎಂದರು. ಶಿವನು ಕೊಟ್ಟಿದ್ದನು, ಕರೆದುಕೊಂಡನು. ಅದರಲ್ಲಿ ನನ್ನ ತಕರಾರು ಏನೂ ಇಲ್ಲ.

ಸತ್ತವರ ಗಿಡವನ್ನು ಮೂರನೆಯ ದಿನ ಹೊರಗಿಡಬೇಕು. ಅದಕ್ಕೆ ರಾತ್ರಿ ಬಿಡಿಸುವುದು ಎನ್ನುತ್ತೇವೆ. ಮನೆಯವರು ಜಗಲಿಯಲ್ಲಿ ಗಿಡದ ಸುತ್ತ ಕೂರುತ್ತಾರೆ, ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಸತ್ತವರ ಕೊನೆಯ ರಾತ್ರಿ ಬಿಸಿಲಿಗೆ ಬಿಟ್ಟುಹೋಗುತ್ತದೆ. ಒಮ್ಮೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಮೂರನೆಯ ದಿನ ಮಗ ಪ್ರಭುಲಿಂಗ ಕೋಣೆಯೊಳಗೆ ಹೋಗಿ ಕೊಳಗಕ್ಕೆ ಕೈಹಾಕಿದ. "ಅಲ್ಲೇ ಇರಲಿ," ಎಂದೆ. ಅವನು ನನ್ನ ಮುಖ ನೋಡಿ ಕೈ ತೆಗೆದ. ನಾನು ಕಿಟಕಿಗೆ ದಪ್ಪ ಜಮಖಾನ ಇಳಿಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬೇರೆ ಯಾರಾದರೂ ಆ ಕೋಣೆಯಲ್ಲಿ ಮಲಗಿದರೆ ಅವರ ರಾತ್ರಿ ಅವಳ ರಾತ್ರಿಯ ಮೇಲೆ ಬೀಳುತ್ತದೆ. ಆದ್ದರಿಂದ ನಾನೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡೆ.

ಗಿಡವಿಲ್ಲದೆ ಮಲಗಿದರೆ ಏನಾಗುತ್ತದೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹಿಡಿದುಕೊಳ್ಳುವವರಿಲ್ಲದ ರಾತ್ರಿ ಮನುಷ್ಯನಲ್ಲೇ ಉಳಿದು ಹಗಲು ಬಾಯಿಯಿಂದ ಬರುತ್ತದೆ. ನನಗೆ ಮೊದಲು ಬರೀ ಆಕಳಿಕೆ ಬರುತ್ತಿತ್ತು. ಆಮೇಲೆ ಮಾತು ಬರತೊಡಗಿತು. ಒಂದು ದಿನ ಅಂಗಡಿಯಲ್ಲಿ ಇಡ್ಲಿ ಪಾತ್ರೆ ಕೊಳ್ಳಲು ಬಂದ ಹೆಂಗಸಿಗೆ ತಟ್ಟೆಗಳನ್ನು ಬಿಡಿಸಿ ತೋರಿಸುತ್ತಿದ್ದೆ. ನನ್ನ ಬಾಯಿ ತಾನಾಗಿ, "ಬಟ್ಟೆ ಒಳಗೆ ತಗೊಳ್ಳೇ, ಮೋಡ ಆಗಿದೆ," ಎಂದಿತು.

ಆ ಹೆಂಗಸು ಬೀದಿಯತ್ತ ಇಣುಕಿ ನೋಡಿದಳು. ಸುಡುಬಿಸಿಲು. "ಯಾರಿಗೆ ಹೇಳಿದ್ರಿ?" ಎಂದು ಕೇಳಿದಳು.

"ನಿಮಗಲ್ಲ ತಾಯಿ," ಎಂದೆ.

ಅವಳು ಪಾತ್ರೆ ಕೊಳ್ಳದೆ ಹೋದಳು. ಮಗ ಎರಡು ದಿನ ನೋಡಿ, "ಅಪ್ಪಾಜಿ, ನೀವು ಸ್ವಲ್ಪ ದಿನ ಮನೇಲೇ ಇರಿ," ಎಂದ. ನಾನು ಮಠಕ್ಕೆ ಹೋಗಿ ಕೂರತೊಡಗಿದೆ. ಅಲ್ಲಿ ಸಂಜೆ ಪುರಾಣ ಓದುವುದು ನನ್ನ ಹಳೆಯ ಅಭ್ಯಾಸ. ಅದೂ ಕೆಟ್ಟಿತು. ಓದುತ್ತಿದ್ದಂತೆ ನನ್ನ ಗಂಟಲಿನಿಂದ ಅಳುವ ಸದ್ದು ಬಂತು. ಕಣ್ಣು ಒಣಗಿಯೇ ಇತ್ತು, ಎದೆಯಲ್ಲಿ ಏನೂ ಇರಲಿಲ್ಲ, ಓದಿನಲ್ಲಿ ಬಂದದ್ದು ಮದುವೆಯ ಪ್ರಸಂಗ. ಕೂತವರು ತಲೆ ತಗ್ಗಿಸಿದರು. ನಾನು ರಾತ್ರಿ ಅಳುತ್ತೇನೆಂದು ನನಗೆ ತಿಳಿದದ್ದು ಹಾಗೆ.

ಮಾಘ ಬಂದಿತು. ಒಂದು ಬೆಳಗ್ಗೆ ಪೂಜೆಗೆ ಕೂತವನ ಬಾಯಿಂದ, ಮಂತ್ರದ ನಡುವೆ, "ದಾಕ್ಷಾಯಿಣಿ, ದಾಕ್ಷಾಯಿಣಿ" ಎಂದು ಬಂತು. ಅಂಗೈಯಲ್ಲಿ ಲಿಂಗವಿತ್ತು. ನಾನು ನಿಲ್ಲಿಸಿದೆ. ಮತ್ತೆ ಮೊದಲಿನಿಂದ ಶುರುಮಾಡಿದೆ. ಮತ್ತೆ ಬಂತು. ಸುಮಂಗಲೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿರಬೇಕು. ಪೂಜೆ ಮುಗಿಸಿ ನಿನ್ನೆಯ ಹೂಪತ್ರೆಯನ್ನು ಬುಟ್ಟಿಗೆ ಹಾಕುತ್ತಿದ್ದಾಗ ಒಳಗೆ ಬಂದಳು.

"ಮಾವ, ಇವತ್ತು ಗಿಡದಂಗಡಿಗೆ ಹೋಗೋಣ. ನೀವು ಬೇಡ ಅನ್ನಬೇಡಿ."

"ನನಗೆ ಗಿಡ ಇದೆಯಲ್ಲ."

"ಅದು ಇದೆ, ಇರಲಿ. ಅದರ ವಿಚಾರ ನಾನು ಮಾತಾಡಲ್ಲ," ಎಂದವಳು ಬುಟ್ಟಿಯನ್ನು ನೋಡಿ ಮಾತಾಡಿಯೇಬಿಟ್ಟಳು. "ದೇವರ ಮೇಲಿನ ನಿರ್ಮಾಲ್ಯ ದಿನಾ ತೆಗೀತೀರಿ. ನಿನ್ನೆ ಹೂವು ಅಂತ ಅದನ್ನ ಒಂದು ದಿನಾನೂ ಉಳಿಸಿಕೊಂಡಿಲ್ಲ ನೀವು."

"ಸುಮಂಗಲಾ," ಎಂದೆ. ನನ್ನ ದನಿ ಏರಿತು. ಅವಳು ಸೆರಗು ಸರಿಮಾಡಿಕೊಂಡು, "ಆಯ್ತು, ತಪ್ಪಾಯ್ತು. ಚಪ್ಪಲಿ ಹಾಕ್ಕೊಳ್ಳಿ," ಎಂದಳು.

ಹೊನ್ನಾಜಮ್ಮನ ಗಿಡದಂಗಡಿ ಹಿಂದೆ ಸಿನಿಮಾ ಟೆಂಟು ಇದ್ದ ಬಯಲಿನಲ್ಲಿದೆ. ಹೊನ್ನಾಜಮ್ಮ ದಪ್ಪ ಹೆಂಗಸು. ಬಾಯಿ ತುಂಬ ಎಲೆಯಡಿಕೆ. ಗಿರಾಕಿಗೆ ಏನು ಬೇಕೆಂದು ಕೇಳಿ ಉತ್ತರಕ್ಕೆ ಕಾಯುವವಳಲ್ಲ.

"ಯಾರಿಗಮ್ಮ ಗಿಡ? ಯಜಮಾನ್ರಿಗಾ? ಒಬ್ಬರಿಗೋ ಜೋಡಿಗೋ?"

ಸುಮಂಗಲೆ ನನ್ನ ಕಡೆ ನೋಡಿದಳು. "ಒಬ್ಬರಿಗೆ," ಎಂದೆ. ಆ ಮಾತನ್ನು ನಾನು ಅದೇ ಮೊದಲು ಆಡಿದ್ದು.

"ಒಬ್ಬರಿಗಾದ್ರೆ ಸಲೀಸು. ನೋಡಿ, ಈ ಲಿಲಿ ಒಯ್ಯಿರಿ. ಬೆಳ್ಳಗೆ ಹೂ ಬಿಡ್ತದೆ, ಕೋಣೆ ಗಾಳೀನ ಗಂಗೇಲಿ ತೊಳೆದಂಗೆ ಇಡ್ತದೆ."

"ಮನೇಲಿ ಪುಟ್ಟ ಮಗು ಇದೆ ಹೊನ್ನಾಜಮ್ಮ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ," ಎಂದಳು ಸುಮಂಗಲೆ.

"ಹಾಗಿದ್ರೆ ಬೇಡವೇ ಬೇಡ. ಎಲೆ ಕಚ್ಚಿದ್ರೆ ಬಾಯೆಲ್ಲ ಉರಿ. ಆ ಮನಿ ಪ್ಲಾಂಟೂ ಬೇಡ ಹಂಗಾದ್ರೆ. ಈ ಪಾಮ್ ನೋಡಿ, ಎಷ್ಟು ದೊಡ್ಡ ಮನುಷ್ಯರ ಥರ ನಿಂತಿದೆ."

"ಬೆಳಗ್ಗೆ ಅದನ್ನ ಎತ್ತಿ ಜಗಲಿಗೆ ಇಡೋರು ಯಾರು? ನೀನು ಬರ್ತೀಯಾ?"

"ಬರ್ತೀನಿ, ಕಾಫಿ ಕೊಟ್ರೆ," ಎಂದು ಅವಳು ನಕ್ಕು, ಗೆರೆಗೆರೆ ಎಲೆಯ ಸ್ಪೈಡರ್ ಪ್ಲಾಂಟೊಂದನ್ನು ಕೊಕ್ಕೆಯಿಂದ ಇಳಿಸಿದಳು. "ಹಾಗಾದ್ರೆ ಇದೇ ಸರಿ. ಮಗು ಕಚ್ಚಿದ್ರೂ ಏನಾಗಲ್ಲ, ಹಗುರ ಇದೆ, ಎಂಟು ದಿನ ನೀರು ಮರೆತ್ರೂ ಕೋಪ ಮಾಡ್ಕೊಳ್ಳಲ್ಲ. ಯಾರ ರಾತ್ರೀನೂ ಇನ್ನೂ ಕಂಡಿಲ್ಲ, ಹಸುಗೂಸು ಇದು. ಯಜಮಾನ್ರೇ, ನೀವು ಗಿಡ ಇಲ್ಲದೆ ಮಲಗಿ ಎಷ್ಟು ದಿನ ಆಯ್ತು?"

"ಕಾರ್ತಿಕದಿಂದ."

"ಅಯ್ಯೋ ಶಿವನೇ! ಅಷ್ಟನ್ನೂ ಒಂದೇ ರಾತ್ರೀಲಿ ಇದರ ತಲೆ ಮೇಲೆ ಹೊರಿಸಬೇಡಿ, ಬೆಚ್ಚಿ ಬಿದ್ದೀತು. ಮೊದಲೆರಡು ದಿನ ದೂರ ಇಟ್ಕೊಂಡು ಮಲಗಿ. ಹಳೇದು ಏನಾಯ್ತು?"

"ಒಳಗಿದೆ."

"ಒಳಗೆ ಅಂದ್ರೆ?"

"ಒಳಗೆ," ಎಂದೆ.

ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಸುಮಂಗಲೆ ಕಣ್ಣಿನಲ್ಲೇ ಏನೋ ಹೇಳಿದಳು. ಹೊನ್ನಾಜಮ್ಮ ಗಿಡಕ್ಕೆ ಹಳೆಯ ಪೇಪರು ಸುತ್ತಿಕೊಟ್ಟಳು.

ಸ್ಪೈಡರ್ ಪ್ಲಾಂಟು ತನ್ನ ಕೆಲಸ ಮಾಡಿತು. ನಡುಮನೆಯ ಗೂಡಿನಲ್ಲಿ ಇಟ್ಟುಕೊಂಡು ಮಲಗಿದೆ. ನಾಲ್ಕಾರು ದಿನದಲ್ಲಿ ಹಗಲಿನಲ್ಲಿ ನನ್ನ ಬಾಯಿ ನನ್ನ ಹಿಡಿತಕ್ಕೆ ಬಂತು. ಪೂಜೆ ತಡೆಯಿಲ್ಲದೆ ನಡೆಯಿತು. ಅಂಗಡಿಗೂ ಒಂದು ಗಳಿಗೆ ಹೋಗಿಬಂದೆ. ಮೈ ಹಗುರವಾಗಿತ್ತು. ಅದನ್ನು ಅಲ್ಲವೆನ್ನುವಂತಿಲ್ಲ. ಹೊಸ ಗಿಡವನ್ನು ಸುಮಂಗಲೆಯೇ ಹೊರಗಿಡುತ್ತಿದ್ದಳು. ಅದು ಏನು ಹೇಳುತ್ತದೆಂದು ನಾನು ಕೇಳಲಿಲ್ಲ. ಆದರೆ ಅದು ಹೊರಗಿದ್ದಷ್ಟು ಹೊತ್ತು ಪುಟ್ಟಗೌರಮ್ಮ ತನ್ನ ಗಿಡದೊಂದಿಗೆ ಜಗಳಕ್ಕಿಳಿಯುತ್ತಿರಲಿಲ್ಲವೆಂದು ಸುಮಂಗಲೆ ಒಮ್ಮೆ ಹೇಳಿದಳು.

ಬೀಗ ಹಾಕಿದ ಕೋಣೆಗೆ ನಾನು ಸಂಜೆ ದೀಪ ಹಚ್ಚಿದ ಮೇಲೆ ಹೋಗುತ್ತಿದ್ದೆ. ದೀಪದ ಬೆಳಕು ಗಿಡಕ್ಕೆ ಏನೂ ಮಾಡುವುದಿಲ್ಲ. ಬುಡಕ್ಕೆ ಒಂದು ಉದ್ಧರಣೆ ನೀರು ಹಾಕಿ, ಮಂಚದ ಮೇಲೆ ತುಸು ಕೂತು, ನಿದ್ದೆ ಹತ್ತುವ ಮೊದಲೇ ಎದ್ದುಬರುತ್ತಿದ್ದೆ. ಲೋಳೆಸರದ ಬಣ್ಣ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಮೊದಲು ತಿಳಿ ಹಸಿರಾಯಿತು, ಆಮೇಲೆ ಬೇಯಿಸಿದ ಸೋರೆಕಾಯಿಯ ಬಣ್ಣಕ್ಕೆ ಬಂತು. ನೆಟ್ಟಗೆ ನಿಲ್ಲುತ್ತಿದ್ದ ಎಲೆಗಳು ಕೊಳಗದ ಅಂಚಿನ ಮೇಲೆ ತೋಳು ಚೆಲ್ಲಿದಂತೆ ಬಿದ್ದವು. ನಾನು ನೋಡುತ್ತಿದ್ದೆ. ಅದರೊಳಗೆ ಅವಳ ಒಂದು ಇಡೀ ರಾತ್ರಿ ಇದೆ, ಕೊನೆಯ ಉಸಿರು ಇದೆ, ನನ್ನನ್ನು ಕರೆದಿದ್ದರೆ ಆ ಕರೆ ಇದೆ, ಶಿವನ ಹೆಸರು ಹೇಳಿದ್ದರೆ ಅದೂ ಇದೆ ಎಂದುಕೊಳ್ಳುತ್ತಿದ್ದೆ. ಹೊರಗಿಟ್ಟರೆ ಒಂದು ಬೆಳಗಿನಲ್ಲಿ ಅಷ್ಟೂ ಮುಗಿಯುತ್ತದೆ. ಒಳಗಿಟ್ಟರೆ ಇರುತ್ತದೆ. ಶಿವರಾತ್ರಿಯವರೆಗೆ ಇರಲಿ, ಒಳ್ಳೆಯ ದಿನ, ಆಗ ನೋಡೋಣ ಎಂದು ಮನಸ್ಸಿಗೆ ಹೇಳಿಕೊಂಡೆ.

ಒಂದು ಸಂಜೆ ಹೊನ್ನಾಜಮ್ಮ ಮನೆಗೆ ಬಂದಳು. ಹೊಸ ಗಿಡಕ್ಕೆ ಗೊಬ್ಬರ ತಂದಿದ್ದೇನೆ ಎಂದಳು. ಕರೆಸಿದವಳು ಸುಮಂಗಲೆಯೆಂದು ನನಗೆ ಗೊತ್ತಾಯಿತು. ಕಾಫಿ ಕುಡಿದು, ಮಗುವಿನ ಗಲ್ಲ ಹಿಂಡಿ, ಆಮೇಲೆ ನೇರವಾಗಿ ಕೇಳಿದಳು.

"ಯಜಮಾನ್ರೇ, ಅಮ್ಮನ ಗಿಡ ಒಂದು ಸಲ ತೋರಿಸಿ. ನಾನು ಮುಟ್ಟಲ್ಲ."

ಯಾಕೋ ಬೇಡವೆನ್ನಲಾಗಲಿಲ್ಲ. ಬೀಗ ತೆಗೆದೆ. ಅವಳು ದೀಪ ಹಿಡಿದು, ಬಗ್ಗಿ ಬುಡ ನೋಡಿದಳು. ಮೂಸಿದಳು.

"ಬುಡಕ್ಕೆ ಕೊಳೆ ಇನ್ನೂ ಹತ್ತಿಲ್ಲ. ಕೆಳಗಿನ ಎಲೆಗೆ ಹತ್ತಿದೆ."

"ಶಿವರಾತ್ರಿಗೆ ಹೊರಗಿಡೋಣ ಅಂತಿದ್ದೇನೆ."

"ಶಿವರಾತ್ರಿ ಇನ್ನೂ ಹದಿನೈದು ದಿನ ಇದೆ," ಎಂದವಳು ದೀಪವನ್ನು ಕಟ್ಟೆಯ ಮೇಲಿಟ್ಟಳು. "ನಮ್ಮವ್ವ ಹೋದಾಗ ನಾನೂ ಹಿಂಗೇ ಮಾಡಿದೆ. ಅಣ್ಣ ದೂರದಿಂದ ಬರಬೇಕಿತ್ತು, ಬರಲಿ, ಇಬ್ಬರೂ ಕೂತು ಕೇಳೋಣ ಅಂತ ಹಂಡೆ ಹಿಂದೆ ಮುಚ್ಚಿಟ್ಟೆ. ಅವನು ಬರೋ ಹೊತ್ತಿಗೆ ಗಿಡ ಲೊಳಲೊಳ ಅಂತಿತ್ತು. ಬಿಸಿಲಲ್ಲಿ ಇಟ್ಕೊಂಡು ಇಬ್ಬರೂ ಕೂತ್ವಿ ಯಜಮಾನ್ರೇ. ಒಂದು ಕೆಮ್ಮು ಕೂಡ ಬರಲಿಲ್ಲ. ಊರಿಗೆಲ್ಲ ಗಿಡ ಮಾರೋಳು ನಾನು."

"ಮರಿ ಕಿತ್ತು ಬೇರೆ ನೆಟ್ಟರೆ?" ಎಂದು ಕೇಳಿದೆ. ಬುಡದಲ್ಲಿ ಎರಡು ಬೆಳ್ಳನೆಯ ಮರಿಗಳಿದ್ದವು.

"ಮರಿಗೆ ಏನು ಗೊತ್ತು? ಅದು ಆಮೇಲೆ ಹುಟ್ಟಿದ್ದು," ಎಂದಳು.

ಅವಳು ಹೋದ ಮೇಲೆ ಕೆಳಗಿನ ಆ ಎಲೆಯನ್ನು ಮುಟ್ಟಿ ನೋಡಿದೆ. ಬೆರಳು ತಾಗಿದ್ದೇ ತಡ, ಬುಡದಿಂದ ಕಳಚಿ ಕೈಗೆ ಬಂತು. ಅದನ್ನು ಒಂದು ಬಾಳೆಲೆಯ ತುಂಡಿನಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಟ್ಟೆ. ಬೆಳಗ್ಗೆ ಹಿತ್ತಿಲಿಗೆ ಕೊಂಡುಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಿಸಿಲು ಬೀಳುವಲ್ಲಿ ಇಟ್ಟು ಪಕ್ಕದಲ್ಲಿ ಕೂತೆ. ಆ ದಿನ ಪೂಜೆ ತಡವಾಯಿತು. ಎಲೆ ಬೆಚ್ಚಗಾಯಿತು, ಅದರಿಂದ ನೀರು ಒಸರಿತು, ಒಂದು ನೊಣ ಬಂದು ಕೂತಿತು. ನಾನು ಕಿವಿಯನ್ನು ಕಲ್ಲಿಗೆ ಹತ್ತಿರ ತಂದೆ. ಬೀದಿಯ ಕಡೆಯಿಂದ ಬೇರೆಯವರ ಗಿಡಗಳ ಗಲಾಟೆ ಕೇಳುತ್ತಿತ್ತು. ಎಲೆಯಲ್ಲಿ ಏನೂ ಇರಲಿಲ್ಲ. ಅವಳ ರಾತ್ರಿಯ ಯಾವ ಭಾಗ ಅದರಲ್ಲಿತ್ತೋ ಅದು ಹೋಗಿತ್ತು.

ಒಳಗೆ ಬಂದು ಸುಮಂಗಲೆಗೆ, "ನಾಳೆ ಇಡೋಣ," ಎಂದೆ. ಅವಳು ಒಲೆಯ ಕಡೆ ತಿರುಗಿಕೊಂಡು, "ಆಯ್ತು ಮಾವ," ಎಂದಳು.

ಮರುದಿನ ಬೆಳಗ್ಗೆ ಪುಟ್ಟಗೌರಮ್ಮ ಮನೆಮನೆಗೆ ಹೋಗಿ ಬಾಗಿಲು ತಟ್ಟಿದಳು. ಇಂಥ ದಿನ ಯಾರೂ ತಮ್ಮ ಗಿಡ ಹೊರಗಿಡುವುದಿಲ್ಲ. ಹಾಲಿನವನನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, "ಇವತ್ತು ಇಲ್ಲಿಂದಲೇ ಅಳೆದು ಕೊಡು, ಆ ಕಡೆ ಹೋದ್ರೆ ಕಾಲು ಮುರೀತೀನಿ," ಎಂದಳಂತೆ. ಒಂದೊಂದೇ ಬಾಗಿಲು ಮುಚ್ಚಿತು. ಕೊನೆಗೆ ಅವಳೂ ಒಳಗೆ ಹೋಗಿ ಅಗಣಿ ಹಾಕಿಕೊಂಡಳು. ಮಗ, ಸೊಸೆ ಜೊತೆಗೆ ಕೂರಬೇಕೆಂದರು. ಅವರಿಗೂ ಕೇಳುವ ಹಕ್ಕಿತ್ತು. ಬಾಗಿಲ ಒಳಗೆ ಕೂತುಕೊಳ್ಳಿ, ಅಲ್ಲಿಗೂ ಕೇಳುತ್ತದೆ ಎಂದೆ. ನಾನು ಹಣೆಗೆ ವಿಭೂತಿ ಇಟ್ಟುಕೊಂಡು, ಕೊಳಗವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲೆ ಇಟ್ಟು, ಪಕ್ಕದಲ್ಲಿ ಕೂತೆ.

ಬಿಸಿಲು ಮೊದಲು ಕೊಳಗಕ್ಕೆ ತಾಗಿತು, ಆಮೇಲೆ ಎಲೆಗೆ ಏರಿತು. ಬಹಳ ಹೊತ್ತು ಏನೂ ಬರಲಿಲ್ಲ. ತಡವಾಯಿತು, ಎಲ್ಲ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಸದ್ದು ಶುರುವಾಯಿತು.

ಗೊರಕೆ. ಅಕ್ಕಿ ಗಿರಣಿಯ ಪಟ್ಟಾ ಜಾರಿದಾಗ ಬರುವಂಥ ಒರಟು ಗೊರಕೆ. ಒಳಗೆ ಎಳೆಯುವಾಗ ಒಂದು ಬಗೆ, ಹೊರಗೆ ಬಿಡುವಾಗ ಇನ್ನೊಂದು ಬಗೆ. ಯಾರದಿದು ಎಂದು ಒಂದು ಕ್ಷಣ ತಿಳಿಯಲಿಲ್ಲ. ಬಾಗಿಲ ಒಳಗಿನಿಂದ ಮಗ ಸಣ್ಣಗೆ ಕೆಮ್ಮಿದ. ಆಗ ತಿಳಿಯಿತು. ನನ್ನದು. ಬೀಗ ಹಾಕಿ ಕಾಯ್ದ ಅಷ್ಟು ದಿನವೂ ಆ ಕೋಣೆಯಲ್ಲಿ ಆ ರಾತ್ರಿ ನಾನೂ ಮಲಗಿದ್ದೆನೆಂಬುದು ನನಗೆ ಹೊಳೆದೇ ಇರಲಿಲ್ಲ.

ಗೊರಕೆ ಬಂತು, ಬಂತು, ಬರುತ್ತಲೇ ಇತ್ತು. ನಾನು ಎಲೆಗಳ ಹತ್ತಿರ ಬಗ್ಗಿದೆ. ಅದರ ಕೆಳಗೆ ಎಲ್ಲೋ ಇನ್ನೊಂದು ಉಸಿರು ಇದ್ದಂತಿತ್ತು. ಹಿಡಿಯಲು ಹೋದರೆ ಗೊರಕೆ ಅದರ ಮೇಲೆ ಬೀಳುತ್ತಿತ್ತು. ಹೀಗೇ ಮುಗಿದುಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ನಾಲಿಗೆಯಿಂದ 'ಚ್ಚ' ಎಂದ ಸದ್ದು ಬಂತು. ಹಿಂದೆಯೇ ಅವಳ ದನಿ, ನಿದ್ದೆಗಣ್ಣಿನದು, ಹತ್ತಿರ.

"ರೀ, ಮಗ್ಗುಲಾಗ್ರೀ."

ಗೊರಕೆ ನಿಲ್ಲಲಿಲ್ಲ.

"ಮಗ್ಗುಲಾಗಿ ಅಂದ್ನಲ್ಲ. ಹೂಂ, ಹಂಗೆ."

ಗೊರಕೆ ನಿಂತಿತು. ಅವಳು ನನ್ನನ್ನು ತಳ್ಳಿ ತಿರುಗಿಸಿರಬೇಕು. ಒಂದು ಆಕಳಿಕೆ. "ಶಿವಾ," ಎಂದಳು. ಆಮೇಲೆ ಅವಳ ಉಸಿರು ಒಂದೇ ಸಮನೆ ಬಂತು. ಕೊನೆಯಲ್ಲಿ ಸಣ್ಣ ಸಿಳ್ಳೆಯಿರುವ ಉಸಿರು. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದ್ದೂ ನಾನು ಅದನ್ನು ಕೇಳಿರಲಿಲ್ಲ, ಯಾವತ್ತೂ ಅವಳಿಗಿಂತ ಮೊದಲು ನಿದ್ದೆ ಹೋಗುತ್ತಿದ್ದವನು ನಾನೇ. ಆ ರಾತ್ರಿ ಮಾತ್ರ ಅವಳು ಮೊದಲು ಮಲಗಿದ್ದಳು, ನಾನು ಆ ಹೊತ್ತು ನಡುಮನೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ; ರಾತ್ರಿಯ ಆ ಮೊದಲ ಭಾಗ ಕಳಚಿದ ಎಲೆಯೊಂದಿಗೇ ಹೋಗಿರಬೇಕು. ಬೀದಿಯಲ್ಲಿ ಒಂದು ಎಲೆ ಅಲುಗುವ ಸದ್ದೂ ಇರಲಿಲ್ಲ. ಆ ಸಿಳ್ಳೆ ಏರುತ್ತ ಇಳಿಯುತ್ತ ಹೋಯಿತು. ನಾನು ಕೈಮುಗಿದುಕೊಂಡು ಕೂತಿದ್ದೆ.

ಆಮೇಲೆ ಗೊರಕೆ ಮತ್ತೆ ಶುರುವಾಯಿತು. ಆ ಮನುಷ್ಯ ಮತ್ತೆ ಅಂಗಾತನಾಗಿದ್ದ. ನಾನು ಬಾಗಿ, ಕೊಳಗದ ಅಂಚು ಹಿಡಿದು, "ಮಗ್ಗುಲಾಗಯ್ಯಾ," ಎಂದೆ. ಮತ್ತೆ ಜೋರಾಗಿ ಹೇಳಿದೆ. ಬಾಗಿಲುಗಳ ಹಿಂದೆ ಬೀದಿಯೆಲ್ಲ ಕೇಳಿಸಿಕೊಂಡಿರಬೇಕು. ಅವನಿಗೆ ಕೇಳಲಿಲ್ಲ. ಅವನ ಗೊರಕೆಯ ಕೆಳಗೆ ಅವಳ ಸಿಳ್ಳೆ ಒಮ್ಮೆ ಕೇಳುತ್ತಿತ್ತು, ಒಮ್ಮೆ ಇರಲಿಲ್ಲ, ಮತ್ತೆ ಕೇಳಿದಂತಾಯಿತು. ಅವಳು ಮತ್ತೆ ಅವನನ್ನು ತಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ ಗೊರಕೆ ತಾನಾಗಿಯೇ ತಗ್ಗಿತು. ಆಗ ಗಿಡದಲ್ಲಿ ಇದ್ದದ್ದು ಒಂದೇ ಉಸಿರು. ಅದಕ್ಕೆ ಸಿಳ್ಳೆ ಇರಲಿಲ್ಲ. ಕೊನೆಯಲ್ಲಿ ನನ್ನ ದನಿ, "ನೀರು ಕಾದಿದೆಯೇನೇ?" ಎಂದಿತು. ಅಲ್ಲಿಗೆ ಗಿಡ ಖಾಲಿಯಾಯಿತು.

ಎಲೆಗಳು ಬಿಸಿಲಿನಲ್ಲಿ ಸುಮ್ಮನೆ ಬಿದ್ದಿದ್ದವು. ಸುಮಂಗಲೆ ಬಾಗಿಲು ತೆಗೆದು ಬಂದು ನನ್ನ ಪಕ್ಕ ಕೂತಳು. ಕಣ್ಣೊರೆಸಿಕೊಂಡಿದ್ದಳು.

"ಅತ್ತೆ ಏನೋ ಹೇಳಿದ್ರು, ಒಳಗೆ ಸರಿಯಾಗಿ ಕೇಳಲಿಲ್ಲ. ಏನಂದ್ರು ಮಾವ?"

"ಮಗ್ಗುಲಾಗಿ ಮಲಗು ಅಂದಳು."

"ಅಷ್ಟೇನಾ?"

"ಅಷ್ಟೇ. ಎರಡು ಸಲ ಅಂದಳು."

ಅವಳು ನಕ್ಕಳೋ ಅತ್ತಳೋ ನಾನು ತಿರುಗಿ ನೋಡಲಿಲ್ಲ. ಕೊಳಗವನ್ನು ಒಳಗೆ ತೆಗೆದುಕೊಂಡು ಹೋಗಿ, ಕಿಟಕಿಯ ಜಮಖಾನ ತೆಗೆದು, ಗಿಡವನ್ನು ಅದರ ಜಾಗದಲ್ಲೇ ಇಟ್ಟೆ. ಬೀಗದ ಕೈಯನ್ನು ಸುಮಂಗಲೆಗೆ ಕೊಟ್ಟೆ. ಮಗುವಿನ ತೊಟ್ಟಿಲಿನ ಹತ್ತಿರ ಸ್ಪೈಡರ್ ಪ್ಲಾಂಟು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಇಟ್ಟುಕೋ ಎಂದೆ. ಆ ರಾತ್ರಿ ನನ್ನ ಮಂಚದಲ್ಲಿ ಮಲಗಿದೆ.

ಬೆಳಗ್ಗೆ ಲೋಳೆಸರವನ್ನು ನಾನೇ ಹೊರಗಿಟ್ಟೆ. ಬೀದಿ ತುಂಬ ಗಿಡಗಳು ಎಂದಿನಂತೆ ಕೆಮ್ಮುತ್ತ, ಗೊಣಗುತ್ತ, ಇಸ್ಪೀಟು ಆಡುತ್ತ ಇದ್ದವು. ನಾನು ಪೂಜೆಗೆ ಏಳುವ ಮೊದಲು ತುಸು ಹೊತ್ತು ಅದರ ಪಕ್ಕ ಕೂತೆ. ಪುಟ್ಟಗೌರಮ್ಮ ಎದುರಿನ ಬಾಗಿಲಿನಿಂದ ಕತ್ತು ಚಾಚಿ ನೋಡಿದಳು. ಬೇರೆಯವರ ಗಿಡದ ಮಾತೆತ್ತಬಾರದು. ಆದರೂ ಅವಳು ಎತ್ತಿದಳು.

"ಏನ್ರೀ ಚನ್ನಮಲ್ಲಪ್ಪನೋರೇ, ಗಿಡ ಇವತ್ತು ಸದ್ದೇ ಮಾಡ್ತಿಲ್ಲ? ಬದುಕಿದೆ ತಾನೇ?"

"ಬದುಕಿದೆ ತಾಯಿ," ಎಂದೆ. "ರಾತ್ರಿ ಮಗ್ಗುಲಾಗಿ ಮಲಗಿದ್ದೆ."